ಬೀದಿಗೆ ಬೆನ್ನು ಮಾಡಿದ ಮನೆ

ನೋಡಿ, ಮತ್ತೆ ನಡುವೆ ಬಾಯಿ ಹಾಕಿದಿರಿ! ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ಕೆಮ್ಮು. ಕತೆ ಬೇಕಾದರೆ ತುಟಿ ಬಿಗಿಹಿಡಿದು ಕೇಳಿ. ಇದು ನಮ್ಮ ಚಿಕ್ಕಪ್ಪನ ಮಗಳು ಸುಹಾಸಿನಿಗೆ ಆದದ್ದು. ಮೊನ್ನೆ ಮೊನ್ನೆ, ಆದೋನಿಯಲ್ಲೇ.

ಆಕೆಯ ಗಂಡ ಓಬಳೇಶ ಗಾರೆ ಕೆಲಸದವನು. ಹಳೇ ಪೇಟೆಯ ಫ್ರೆಂಚ್ ಮಹಲಿನ ರಿಪೇರಿಗೆ ಕರೆದಿದ್ದರು. ನವಾಬರ ಕಾಲದಲ್ಲಿ ಯಾವನೋ ಫ್ರೆಂಚ್ ದೊರೆ ತನ್ನೂರಿನ ಮಾದರಿಯಲ್ಲೇ ಕಟ್ಟಿಸಿದ್ದಂತೆ. ಬೀದಿಗೆ ಎತ್ತರದ ಗೋಡೆ, ಸಾರೋಟು ನುಗ್ಗುವಷ್ಟು ದೊಡ್ಡ ಬಾಗಿಲು. ಒಳಗೆ ಕಲ್ಲಿನ ಅಂಗಳ, ಅದರಾಚೆ ಮನೆ, ಹಿಂದೆ ತೋಟ, ಬಾವಿ. ಕೋಣೆಗಳ ಬಾಗಿಲೆಲ್ಲ ಒಂದೇ ಸಾಲಿನಲ್ಲಿ. ಮೇಲೆ, ಸೂರಿನಡಿ, ಎತ್ತಿನ ಕಣ್ಣಿನಂಥ ಗುಂಡು ಕಿಟಕಿ. ಇವರಿಗೆ ಕೊಟ್ಟದ್ದು ಬಾಗಿಲ ಪಕ್ಕದ ಕಾವಲುಕೋಣೆ.

"ದೊಡ್ಡ ಮಂದಿ ಮನಿ ಬೀದಿಗೆ ಕಾಣಬಾರ್ದಂತ," ಅಂದ ಓಬಳೇಶ.

"ಕುಂದ್ರಾಕ ಒಂದು ಕಟ್ಟಿ ಇಲ್ಲ. ಹೋಗ್ ಬರೋರ ಮಕಾ ಕಾಣಂಗಿಲ್ಲ. ಮನಿ ಕಟ್ಯಾರೋ, ಜೈಲು ಕಟ್ಯಾರೋ?" ಸುಹಾಸಿನಿ ಸಿಡುಕಿದಳು.

ಸುಣ್ಣ ತರಲು ಹೋದರೆ ಅವನು ಮರುದಿನವೇ ಬರುವುದು. ಎಳೆಗೂಸಿನ ಜೊತೆ ಎಷ್ಟಂತ ಮಾತಾಡುವುದು?

ಅಂಥದೊಂದು ರಾತ್ರಿ ಹಿಂದಿನ ಬೀದಿಯ ಅಂಗಡಿಯಿಂದ ಕೂಸನ್ನೆತ್ತಿಕೊಂಡು ತೋಟದ ದಾರಿಯಲ್ಲಿ ಬಂದಳು. ಬಾವಿ ದಾಟಿದಳು... ಹಿಂದೆ ಟಕ್... ಟಕ್... ಕಲ್ಲಿನ ಮೇಲೆ ಹಿಮ್ಮಡಿ. ನಡುವೆ ನೆಲ ಸವರುವ ರೇಷ್ಮೆಯ ಸರ್ರ್... ತಿರುಗಿದಳು. ಉದ್ದ ಲಂಗದ ಬಿಳೀ ಹೆಂಗಸು. ಮಹಲಿನ ನಕ್ಷೆ ಬರೆಯಲು ಬಂದಿದ್ದ ಫ್ರೆಂಚ್ ಮೇಡಂ ಅಂದುಕೊಂಡಳು.

"ದಾರಿ ತಪ್ಪೀತೇನ್ರಿ?" ಮೆಲ್ಲಗೆ ಕೇಳಿದಳು.

ಆಕೆ ಬರೇ ತಲೆಯಾಡಿಸಿದಳು.

"ಬರ್ರಿ ಮತ್ತ. ನನಗೂ ಯಾರಿಲ್ಲ."

ಆಕೆ ಬಂದು ಕೂತಳು. ಸುಹಾಸಿನಿ ಅತ್ತೆಯನ್ನು ಬೈದಳು, ಗಂಡನನ್ನು ಬೈದಳು, ಕರೆಂಟು ತೆಗೆಯುವವರನ್ನೂ ಬೈದಳು. ಆಕೆ ಕೇಳುತ್ತಲೇ ಇದ್ದಳು... ಎಷ್ಟು ದಿನವಾಗಿತ್ತು, ಒಬ್ಬರು ಹಾಗೆ ಕೂತು ಕೇಳಿ! ಹೊರಟ ಹೆಣ್ಣನ್ನು ಬರೀ ಉಡಿಯಲ್ಲಿ ಕಳಿಸುವುದುಂಟೇ? ಲಂಗದ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು.

"ಇದು ನಿಮ್ಮ ತವರುಮನಿ ಅಂತ ತಿಳಕೋರಿ. ಹೋಗಿ ಬರ್ರಿ."

ಮರುದಿನ ಇದನ್ನು ಕೇಳಿ ಓಬಳೇಶ ಬಿಳಿಚಿಕೊಂಡ. "ಆ ಮೇಡಂ ಹ್ವಾದ ವಾರನ ವಿಮಾನ ಹತ್ಯಾಳಲ್ಲೇ!"

ಮಹಲಿನ ಕೋಣೆಗಳನ್ನೆಲ್ಲ ಹುಡುಕಿ, ಕಡೆಗೆ ಮೇಲೆ ಹತ್ತಿ ಸೂರಿನಡಿಯ ಕೋಣೆಯ ಬೀಗ ತೆಗೆದು ನೋಡಿದರು. ಗುಂಡು ಕಿಟಕಿಯ ಕೆಳಗೆ ಅಕ್ಕಿಯ ಗುಡ್ಡೆ, ಮೇಲೆ ಕೊಬ್ಬರಿ ಬಟ್ಟಲು. ಸುತ್ತ ವರ್ಷಗಟ್ಟಲೆಯ ಧೂಳು. ಅದರಲ್ಲಿ ಒಂದು ಹೆಜ್ಜೆಯೂ ಇಲ್ಲ.

ಸಂಜೆಗೇ ಆಟೋಗೆ ಸಾಮಾನು ಹೇರಿದ. ಸುಹಾಸಿನಿ ಕೂಸನ್ನು ಅವಚಿಕೊಂಡು ಅಂಗಳದಲ್ಲಿ ನಿಂತಿದ್ದಳು. ಒಳಗೆ ಬಾಗಿಲು ತೆರೆಯಿತು. ಕಿರ್ರ್... ಠಪ್. ಇನ್ನೊಂದು, ಈಚೆಯದು. ಕಿರ್ರ್... ಠಪ್. ಆಮೇಲೆ ಸದ್ದಿಲ್ಲ... ಕಿವಿಯ ಹತ್ತಿರವೇ ತಣ್ಣನೆಯ ಉಸಿರು.

ಸುಳ್ಳಲ್ಲ. ಕೂಸಿನ ತಲೆ ಮುಟ್ಟಿ ಆಣೆ ಮಾಡಿ ಹೇಳಿದ್ದಾಳೆ. ಆ ಬಿಳೀ ದೊರೆಸಾನಿ ಕೇಳಿದ್ದು ನಮ್ಮ ಆದೋನಿಯ ಕನ್ನಡದಲ್ಲೇ:

"ನೀ ಹ್ವಾದ್ರ... ನಾ ಯಾರ ಮನಿಗಿ ಬರ್ಲೆವ್ವಾ?"