ಗಾಜಿನ ಪೆಟ್ಟಿಗೆಯ ಸ್ಟೂಲು

ಸಾವಿರದ ಒಂಬೈನೂರ ಎಪ್ಪತ್ತಮೂರನೇ ಇಸವಿ, ಜುಲೈ ಹದಿನಾರು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಒಂದು ಜಿಲ್ಲೆಯ ಒಂದು ಸರ್ಕಾರಿ ಕಚೇರಿಯಲ್ಲಿ ಒಬ್ಬ ಸಾಹೇಬರು ಬೆಲ್ ಒತ್ತಿದರು. ಯಾವ ಜಿಲ್ಲೆ, ಯಾವ ಸಾಹೇಬರು ಎಂದು ಕೇಳಬೇಡಿ. ಇವತ್ತು ನಿಮ್ಮ ನೌಕರರ ಸಂಘದ ಸಂಸ್ಥಾಪನಾ ದಿನ. ಪ್ರವಚನಕ್ಕೆ ಕರೆದವರು ‘ಯಾರಿಗೂ ನೋವಾಗದಂಥ ದೃಷ್ಟಾಂತ ಹೇಳಿ ಸ್ವಾಮಿ’ ಎಂದು ಮೊದಲೇ ವಿನಂತಿಸಿದ್ದಾರೆ. ಆದ್ದರಿಂದ ಹೆಸರುಗಳನ್ನು ಬಿಟ್ಟಿದ್ದೇನೆ. ನೋವನ್ನು ಬಿಡಲು ಆಗಲಿಲ್ಲ, ಕಥೆಯೇ ಅದರದ್ದು.

ಸಾಹೇಬರು ಬೆಲ್ ಒತ್ತಿದರು, ಯಾರೂ ಬರಲಿಲ್ಲ. ಮತ್ತೆ ಒತ್ತಿದರು. ಬಾಗಿಲ ಹೊರಗೆ ಜವಾನ ಬಿದ್ದಿದ್ದ. ಆ ಕಚೇರಿಯಲ್ಲಿ ಜವಾನರು ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಸಾಹೇಬರ ಬಾಗಿಲಲ್ಲಿ ನಿಂತೇ ಇರಬೇಕಿತ್ತು. ಕೂರುವುದಕ್ಕೆ ಏನೂ ಇರಲಿಲ್ಲ, ಇದ್ದಿದ್ದರೂ ಕೂರುವಂತಿರಲಿಲ್ಲ. ಜ್ವರ ಇಟ್ಟುಕೊಂಡು ನಿಂತವನು ತಲೆಸುತ್ತಿ ಬಿದ್ದ. ಸಾಹೇಬರು ಬಹಳ ಕರುಣಾಳು. ಮೊದಲು ನೀರು ಕುಡಿಸಿದರು. ಅವನು ಕುಡಿದು ಮುಗಿಸಿದ ಮೇಲೆ ನೋಟಿಸ್ ಕೊಟ್ಟರು: ಎರಡು ಬಾರಿ ಬೆಲ್ ಆದರೂ ಹಾಜರಾಗದಿದ್ದುದಕ್ಕೆ ಕಾರಣವೇನು?

ಆಗ ಗುಮಾಸ್ತರು ಏನು ಮಾಡಿದರು? ಕೆಲಸ ನಿಲ್ಲಿಸಿದರೇ? ಇಲ್ಲ. ಘೋಷಣೆ ಕೂಗಿದರೇ? ಇಲ್ಲ. ಮರುದಿನ ಬಂದವರೇ ತಮ್ಮ ಕುರ್ಚಿಗಳನ್ನು ಗೋಡೆಗೆ ಸರಿಸಿ ನಿಂತುಬಿಟ್ಟರು. ನಿಂತೇ ಕಡತ ಬರೆದರು, ನಿಂತೇ ಟೈಪ್ ಮಾಡಿದರು, ನಿಂತೇ ಬುತ್ತಿ ತಿಂದರು. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೊಂದು ದಿನ. ಸೊಂಟನೋವಿದ್ದ ಒಬ್ಬ ಕಿರಿಯ ಗುಮಾಸ್ತ ಹೆಂಡತಿಯ ಹಳೆಯ ಸೀರೆ ಹರಿದು ನಡುವಿಗೆ ಬಿಗಿದುಕೊಂಡು ನಿಂತ. ಇಡೀ ಕಚೇರಿಯಲ್ಲಿ ಕುಳಿತಿದ್ದವರು ಸಾಹೇಬರೊಬ್ಬರೇ. ಎಲ್ಲರೂ ನಿಂತಿರುವಾಗ ತಾನೊಬ್ಬನೇ ಕೂತಿರುವುದು ಎಷ್ಟು ಕಷ್ಟವೆಂದು ಆ ಹನ್ನೊಂದು ದಿನದಲ್ಲಿ ಅವರಿಗೆ ತಿಳಿಯಿತು. ಹನ್ನೆರಡನೆಯ ದಿನ ಆದೇಶ ಹೊರಟಿತು: ನೋಟಿಸ್ ವಾಪಸ್, ಪ್ರತಿ ಜವಾನನಿಗೂ ಒಂದು ಸ್ಟೂಲು. ಹಾಗೆ ನಿಂತವರೆಲ್ಲ ಸೇರಿ ಒಂದು ಸಂಘ ಕಟ್ಟಿದರು.

ಚಪ್ಪಾಳೆ ಬೇಡ. ಇನ್ನೂ ಅರ್ಧ ಕಥೆ ಇದೆ.

ಐವತ್ತು ವರ್ಷ ಕಳೆಯಿತು. ಸಂಘಕ್ಕೆ ಸ್ವಂತ ಭವನವಾಯಿತು. ಆ ಹೋರಾಟದಲ್ಲಿ ಬಂದ ಮೊದಲ ಸ್ಟೂಲನ್ನು ವಾರ್ನಿಶ್ ಬಳಿದು, ವೇದಿಕೆಯ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಒಳಗೊಂದು ದೀಪವನ್ನೂ ಹಾಕಿದರು. ಅಷ್ಟರಲ್ಲಿ ಕಚೇರಿಯ ಜವಾನರು ಒಬ್ಬೊಬ್ಬರೇ ನಿವೃತ್ತರಾಗಿದ್ದರು. ಆ ಜಾಗಕ್ಕೆ ಏಜೆನ್ಸಿಯ ಮೂಲಕ ಹೊರಗುತ್ತಿಗೆಯವರು ಬಂದರು. ಹಳೆಯ ಆದೇಶದಲ್ಲಿ ‘ಖಾಯಂ ಜವಾನರಿಗೆ’ ಎಂದಿತ್ತು, ಹಾಗಾಗಿ ಇವರಿಗೆ ಸ್ಟೂಲು ಇಲ್ಲ. ಸಂಘದ ಬೈಲಾದಲ್ಲಿ ‘ಖಾಯಂ ನೌಕರರು ಮಾತ್ರ’ ಎಂದಿತ್ತು, ಹಾಗಾಗಿ ಇವರಿಗೆ ಸಂಘವೂ ಇಲ್ಲ. ನೋಡಿ, ಎಷ್ಟು ಅಚ್ಚುಕಟ್ಟು! ಯಾರದೂ ತಪ್ಪಿಲ್ಲ, ನಿಂತವರು ಮಾತ್ರ ನಿಂತೇ ಇದ್ದಾರೆ.

ಹಾಗೆ ನಿಂತವರಲ್ಲಿ ಒಬ್ಬಳು ಶಿವನಂಜಮ್ಮ. ಇವಳ ಹೆಸರನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಆ ಕಚೇರಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ‘ಏಜೆನ್ಸಿಯವಳು’ ಎಂದರೆ ಸಾಕಿತ್ತು. ನಲವತ್ತೆರಡು ವರ್ಷ. ಮಂಡಿಯಿಂದ ಕೆಳಗೆ ನರಗಳು ಗಂಟು ಕಟ್ಟಿದ್ದವು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಈ ಕೆಲಸ ಹೋದರೆ ಮತ್ತೊಂದು ಸಿಗುವ ಖಾತ್ರಿ ಇರಲಿಲ್ಲ.

ಸುವರ್ಣ ಮಹೋತ್ಸವ ಭಾನುವಾರ ಬಂತು. ಭವನ ಗುಡಿಸಲು ಅವಳನ್ನು ಬೆಳಿಗ್ಗೆ ಆರಕ್ಕೇ ಕರೆಸಿದರು. ಮಧ್ಯಾಹ್ನ ಹನ್ನೆರಡೂವರೆಗೆ ಅಧ್ಯಕ್ಷರು ‘ನೌಕರನ ವಿಶ್ರಾಂತಿಯ ಹಕ್ಕು’ ಎಂಬ ವಿಷಯದ ಮೇಲೆ ಐವತ್ತನೆಯ ನಿಮಿಷ ಮಾತಾಡುತ್ತಿದ್ದರು. ಹಾರ ಹಾಕಲೆಂದು ಗಾಜಿನ ಪೆಟ್ಟಿಗೆಯನ್ನು ತೆಗೆದಿಟ್ಟಿದ್ದರು. ಪಕ್ಕದಲ್ಲಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಶಿವನಂಜಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು, ಹಾರವನ್ನು ಒಂದು ಬದಿಗೆ ಸರಿಸಿದಳು, ಆ ಸ್ಟೂಲಿನ ಮೇಲೆ ಕೂತಳು.

ಕಾರ್ಯದರ್ಶಿ ಓಡಿ ಬಂದ. "ಏಯ್, ಏಳಮ್ಮ! ಅದ್ರ ಮೇಲೆ ಯಾರಾದ್ರೂ ಕೂತ್ಕೋತಾರಾ?"

"ಕಾಲು ಊದ್ಕಂಡದೆ ಸಾ. ಎಲ್ಡು ನಿಮ್ಸ ಅಷ್ಟೇಯ."

"ಅದು ಹೋರಾಟದ ಸ್ಟೂಲು ಕಣಮ್ಮ! ಹನ್ನೊಂದು ದಿನ ಹೋರಾಡಿ ತಗೊಂಡಿರೋದು."

"ಏನ್ಮಾಡಕ್ಕೆ ಸಾ ತಗೊಂಡಿದ್ದು?"

"ಕೂತ್ಕೊಳೋಕೆ."

ಹೇಳಿಬಿಟ್ಟ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಅರ್ಥವಾಯಿತು. ಅರ್ಥವಾದದ್ದರಿಂದಲೇ ಸಿಟ್ಟು ಬಂತು. ಅಲ್ಲೇ ನಿಂತು ಏಜೆನ್ಸಿಗೆ ಫೋನ್ ಮಾಡಿದ: "ನಾಳೆಯಿಂದ ಈಯಮ್ಮ ಬೇಡ, ಬೇರೆ ಯಾರನ್ನಾದ್ರೂ ಕಳ್ಸಿ."

ವೇದಿಕೆಯ ಮೇಲೆ, ಪೇಟ ತೊಡಿಸಿ ಶಾಲು ಹೊದೆಸಿ ಕೂರಿಸಿದ್ದ ಒಬ್ಬ ವೃದ್ಧರು ಇದನ್ನೆಲ್ಲ ಕೇಳಿಸಿಕೊಂಡರು. ಸೀರೆ ಬಿಗಿದುಕೊಂಡು ನಿಂತಿದ್ದ ಆ ಸೊಂಟನೋವಿನ ಗುಮಾಸ್ತರೇ ಅವರು. ಈಗ ಎಪ್ಪತ್ತೇಳು ವರ್ಷ. ಅಧ್ಯಕ್ಷರು ಮಾತು ಮುಗಿಸಿ, ಹಿರಿಯರು ಎರಡು ಮಾತಾಡಬೇಕೆಂದು ಕೋರಿದರು. ಅವರು ಎದ್ದರು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು, ಸುಮ್ಮನೆ ನಿಂತರು.

ಸಭೆಗೆ ಅಭ್ಯಾಸಬಲ. ವೇದಿಕೆಯಲ್ಲಿ ಹಿರಿಯರು ಮೌನವಾಗಿ ನಿಂತರೆ ನಾಡಗೀತೆ ಶುರುವಾಗುತ್ತದೆಂದು ಎಲ್ಲರೂ ಎದ್ದು ನಿಂತರು. ಮುನ್ನೂರ ಹನ್ನೆರಡು ಜನ! ಅರ್ಧ ನಿಮಿಷವಾಯಿತು, ಹಾಡಿಲ್ಲ.

"ಸಾರ್, ನಾಡಗೀತೆ ಬೆಳಿಗ್ಗೇನೇ ಆಯ್ತು. ಕೂತ್ಕೊಳ್ಳಿ ಸಾರ್," ಎಂದರು ಅಧ್ಯಕ್ಷರು.

"ಆ ಹೆಣ್ಮಗಳನ್ನ ಕೆಲಸದಿಂದ ತೆಗೆಯಲ್ಲ ಅಂತ ಹೇಳಯ್ಯ. ಕೂತ್ಕೋತೀನಿ."

ಮೈಕು ಆನ್ ಇತ್ತು. ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು.

ನೋಡಿ, ಈ ಕ್ಷಣವನ್ನು ಸ್ವಲ್ಪ ಸರಿಯಾಗಿ ನೋಡಿ. ಮುನ್ನೂರ ಹನ್ನೆರಡು ಜನ ಆಗಲೇ ನಿಂತಿದ್ದಾರೆ. ಏಕೆ ನಿಲ್ಲಬೇಕೆಂಬುದೂ ಈಗ ಗೊತ್ತಾಗಿದೆ. ಅವರು ಏಳಬೇಕಾಗಿರಲಿಲ್ಲ, ಕೂಗಬೇಕಾಗಿರಲಿಲ್ಲ, ಒಂದು ಬೆರಳು ಎತ್ತಬೇಕಾಗಿರಲಿಲ್ಲ. ಇದ್ದ ಹಾಗೇ ಇದ್ದಿದ್ದರೆ ಸಾಕಿತ್ತು. ಏನು ಮಾಡಿದರು?

ಕೂತರು. ಒಬ್ಬರನ್ನೊಬ್ಬರು ನೋಡಿಕೊಂಡು, ಮೆಲ್ಲಗೆ, ಶಿಸ್ತಿನಿಂದ ಕೂತರು. ಸಂಘ ಗಳಿಸಿಕೊಟ್ಟ ಹಕ್ಕಲ್ಲವೇ! ಅಧ್ಯಕ್ಷರು ಬುದ್ಧಿವಂತರು, ‘ಊಟ ಸಿದ್ಧವಾಗಿದೆ’ ಎಂದು ಘೋಷಿಸಿದರು. ಆಗ ಮತ್ತೆ ಎಲ್ಲರೂ ಎದ್ದರು. ಈ ಬಾರಿ ಏಳುವುದಕ್ಕೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಖಾಲಿ ಸಭಾಂಗಣದಲ್ಲಿ ವೃದ್ಧರು ನಿಂತೇ ಇದ್ದರು. ಶಿವನಂಜಮ್ಮ ವೇದಿಕೆ ಹತ್ತಿ ಬಂದಳು.

"ಕೂತ್ಕಳಿ ಅಜ್ಜ. ನಂಗೋಸ್ಕರ ನಿಂತು ನೀವ್ ಬಿದ್ರೆ ಅದುಕ್ಕೂ ನಂಗೇ ನೋಟೀಸು."

"ನಿಂಗೆ ಯಾರವ್ವ ನೋಟೀಸ್ ಕೊಡ್ತಾರೆ? ನೋಟೀಸ್ ಕೊಡೋಕೆ ನೀನು ನೌಕರಳೇ ಅಲ್ವಲ್ಲ."

ಇಬ್ಬರೂ ನಕ್ಕರಂತೆ. ವೃದ್ಧರು ಮೂರು ಗಂಟೆಯವರೆಗೆ ನಿಂತರು. ಶಾಮಿಯಾನದವರು ಬಾಡಿಗೆ ಕುರ್ಚಿಗಳನ್ನು ಹೊತ್ತೊಯ್ದ ಮೇಲೆ ಅವಳೇ ಕೈಹಿಡಿದು ಇಳಿಸಿ, ಆಟೋ ಹತ್ತಿಸಿದಳು. ವೃದ್ಧರು ಹೇಳಿದ್ದು ನಿಜವೇ ಆಯಿತು. ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಏಜೆನ್ಸಿಯಿಂದ ಅವಳಿಗೆ ಒಂದು ಫೋನ್ ಬಂತು, ಕೆಲಸ ಹೋಯಿತು. ಕಾರಣ ಕೇಳುವ ಕಾಗದವಿಲ್ಲ, ಉತ್ತರ ಕೊಡಲು ಏಳು ದಿನದ ಅವಧಿಯಿಲ್ಲ. ಎಪ್ಪತ್ತಮೂರರ ಸಾಹೇಬರು ಕ್ರೂರಿ ಎಂದು ಬೈದಿರಲ್ಲವೇ ಮನಸ್ಸಿನಲ್ಲಿ? ಆ ಕ್ರೂರಿ ನೀರನ್ನಾದರೂ ಕುಡಿಸಿದ್ದ.

ಈಗ ನಗುತ್ತಿದ್ದೀರಿ. ಆ ಕಾರ್ಯದರ್ಶಿ ಎಂಥ ಮೂರ್ಖ ಎನ್ನುತ್ತಿದ್ದೀರಿ. ನಗಿ. ನಾನು ನಿಮ್ಮ ಸಂಘದ ಬೈಲಾ ತರಿಸಿ ಓದಿದ್ದೇನೆ. ಏಳನೆಯ ನಿಯಮ, ಮೊದಲ ಸಾಲು. ಬಿಡುವಾದಾಗ ನೀವೂ ಓದಿ. ಹೋರಾಟ ಮಾಡಿದವರನ್ನು ಸ್ಮರಿಸುವುದೆಂದರೆ ಏನು? ಫೋಟೋಕ್ಕೆ ಹಾರ ಹಾಕುವುದೇ? ಅವರು ತಮಗಾಗಿ ನಿಲ್ಲಲಿಲ್ಲ. ಗುಮಾಸ್ತರಿಗೆ ಕುರ್ಚಿ ಮೊದಲೇ ಇತ್ತು. ಕುರ್ಚಿ ಇದ್ದವರು ಇಲ್ಲದವನಿಗಾಗಿ ನಿಂತರು. ಸಂಘ ಹುಟ್ಟಿದ್ದು ಅಲ್ಲಿ. ಅದನ್ನು ಬಿಟ್ಟರೆ ನಿಮ್ಮಲ್ಲಿ ಉಳಿಯುವುದು ಭವನ, ಬ್ಯಾನರು, ಬಿಸಿಬೇಳೆಬಾತು.

ಇನ್ನು ಮಾಡಬೇಕಾದ್ದು. ಮುಂದಿನ ಮಹಾಸಭೆಯಲ್ಲಿ ಆ ಏಳನೆಯ ನಿಯಮವನ್ನು ತಿದ್ದಿ, ಹೊರಗುತ್ತಿಗೆಯವರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳಿ. ಅದಕ್ಕೆ ತಿಂಗಳುಗಳು ಬೇಕು ಎನ್ನುತ್ತೀರಿ, ಒಪ್ಪಿದೆ. ನಾಳೆ ಹತ್ತು ಗಂಟೆಗೆ ಮಾಡಬಹುದಾದದ್ದನ್ನು ನಾಳೆಯೇ ಮಾಡಿ. ಸಾಹೇಬರ ಬಾಗಿಲಲ್ಲಿ ನಿಂತವಳ ಹೆಸರು ಕೇಳಿ. ಅವಳಿಗೊಂದು ಕುರ್ಚಿ ತಂದು ಹಾಕಿ. ಯಾರಾದರೂ ಅವಳನ್ನು ಎಬ್ಬಿಸಿದರೆ ನೀವೆಲ್ಲ ನಿಮ್ಮ ಕುರ್ಚಿ ಬಿಟ್ಟು ಏಳಿ, ಅವಳು ಕೂರುವವರೆಗೂ ಕೂರಬೇಡಿ. ಊಟದ ಹೊತ್ತಾದರೂ ಕೂರಬೇಡಿ.

ಕುರ್ಚಿ ಎಲ್ಲಿಂದ ತರುವುದು ಎನ್ನಬೇಡಿ. ನಿನ್ನೆ ನಿಮ್ಮ ಕಚೇರಿಗೆ ಹೋಗಿದ್ದೆ. ದಾಖಲೆ ಕೋಣೆಯಲ್ಲಿ ಒಂಬತ್ತು ಕುರ್ಚಿಗಳು ಒಂದರ ಮೇಲೊಂದು ಖಾಲಿ ಬಿದ್ದಿವೆ. ಅಲ್ಲಿಂದ ಸಾಹೇಬರ ಬಾಗಿಲವರೆಗಿನ ದೂರವನ್ನು ಟೇಪು ಹಿಡಿದು ಅಳೆದೆ. ಹನ್ನೊಂದು ಮೀಟರು ಇಪ್ಪತ್ತು ಸೆಂಟಿಮೀಟರು.