ಮೂಲೆಯ ಹೂವು

ಬಿಂದು ಕೊಲ್ಲಿ ನಾಡಿನ ಕರಾಮ ಬಡಾವಣೆಯ ದರ್ಜಿ ಅಂಗಡಿಯಲ್ಲಿ ರವಿಕೆಗಾಗಿ ಕಾಯುತ್ತಿದ್ದಳು. ಪಕ್ಕದ ಬೆಂಚಿನಲ್ಲಿದ್ದ ತಾಯಿ-ಮಗಳನ್ನು, ಮೈಬಣ್ಣ, ಗುಂಗುರು ಕೂದಲು ನೋಡಿ, ಸುಡಾನಿನವರೆಂದೇ ತಿಳಿದಿದ್ದಳು. ಅವರು ಹಳಿಯಾಳ-ಧಾರವಾಡದ ಕಡೆಯ ಕನ್ನಡ ಆಡತೊಡಗಿದಾಗ ಅವಳ ಕಿವಿ ನೆಟ್ಟಗಾಯಿತು. ಮಗಳ ತೊಡೆಯ ಮೇಲೆ ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ಉದ್ದನೆಯ ಕೋಟು ಇತ್ತು.

“ಇದನ್ನ ಎಲ್ಲಿ ನೋಡಿ ಹೊಲಿದಿ, ಆಸಿಯಾ?”

“ಲೈಬ್ರರಿ ಬುಕ್‌ನಾಗ, ಅಮ್ಮಿ. ಅಮೆರಿಕಾದ ಕಪ್ಪು ಹೆಂಗಸರು ಹೊಲಿದದ್ದು. ಆಫ್ರಿಕಾದಿಂದ ತಂದ ನಮ್ಮ ಹಿರ್ಯಾರ ಹಂಗ ಅವರ ಅಜ್ಜಿಗಳೂ ಗುಲಾಮರಾಗಿದ್ರಂತ. ಈಗ ಅದನ್ನ ಮ್ಯೂಸಿಯಂ ಗೋಡೆಗೆ ಹಾಕ್ಯಾರ.”

“ಕೌದೀನ?”

“ಹೂಂ. ನೀ ಹಾಸಿಗಿ ಕೆಳಗ ಮುಚ್ಚಿಟ್ಟೀಯಲ್ಲ, ಅಜ್ಜಿ ಹೊಲಿದ ಹೊದಿಕಿ, ಅಂಥಾದ್ದೇ.”

“ಯಾರರ ಬಂದ್ರ ನಾಚಿಕಿ ಆಗ್ತದಂತ ಇಟ್ಟೀನಿ.” ತಾಯಿ ಕೋಟನ್ನು ತಿರುವಿ ನೋಡಿದಳು. “ಮೂಲಿಗೆ ಬಟ್ಟಿ ಹೂವ ಎಲ್ಲಿ?”

“ಬುಕ್‌ನಾಗ ಇರಲಿಲ್ಲ.”

“ಬುಕ್ಕಿಗೇನ್ ಗೊತ್ತು. ನಾವು ಸಿದ್ದಿಗಳು ಮೂಲಿಗೆ ಹೂವ ಹಚ್ಚದೇ ಕೌದಿ ಮುಗಸಂಗಿಲ್ಲ. ಹೂವಿಲ್ಲದ ಕೌದಿ ಬರಿಮೈಲೆ ನಿಂತಂಗ ಅಂತಿದ್ಲು ನಿಮ್ಮಜ್ಜಿ.”

“ಫ್ಯಾಶನ್ ಶೋ ನಾಳಿ ಅದ. ಬಟ್ಟೀನೂ ಖಲಾಸ್.”

ತಾಯಿ ದರ್ಜಿಯ ಕತ್ತರಿ ಇಸಿದುಕೊಂಡು ತನ್ನ ದುಪಟ್ಟಾದ ಅಂಚನ್ನೇ ಕತ್ತರಿಸಿದಳು.

“ಅಮ್ಮಿ, ಅದು ಈದಿಗೆ ತಂದದ್ದು.”

“ಇರಲಿ. ಯಲ್ಲಾ, ಮನಿಗೆ ನಡಿ, ನಾ ಹಚ್ಚಿಕೊಡ್ತೀನಿ. ನಾಳಿ ಅಜ್ಜಿ ಕೌದೀನೂ ಒಯ್ಯಿ.”

“ಇದು ಯಾರದು ಅಂತ ಕೇಳಿದ್ರ?”

“ಸಿದ್ದಿಗಳದು ಅನ್ನು. ನಾನೂ ಬಂದು ಪಕ್ಕದಾಗ ನಿಂದರ್ತೀನಿ.”

ತಾಯಿ ಬಾಗಿಲು ದಾಟುವಾಗ ದುಪಟ್ಟಾವನ್ನು, ಕತ್ತರಿಸಿದ ಅಂಚು ಎಲ್ಲರಿಗೂ ಕಾಣುವ ಹಾಗೆಯೇ, ಹೆಗಲಿಗೆ ಹೊದ್ದುಕೊಂಡಳು.