ತಾಲೀಮಿನ ಮನೆ

ಮಾನ್ಯ ಅಧ್ಯಕ್ಷರೇ, ಪಕ್ಕದ ಶಾಮನೂರಿನಿಂದ ಬಂದಿರುವ ಹಿರಿಯರಾದ ಗುತ್ತೆಪ್ಪನವರೇ, ನಾಳೆಯಿಂದ ಮೂರು ತಿಂಗಳು ಅವರೂರಿನ ಮನೆಗಳಿಗೆ ಹೋಗಿ ಜನರಿಂದಲೇ ಬದುಕು ಕಲಿಯಲಿರುವ ನನ್ನ ವಿದ್ಯಾರ್ಥಿಗಳೇ, ಸಭಿಕರೇ, ಮತ್ತು ಮುಂದಿನ ಸಾಲಿನಲ್ಲಿ ಕೂತು ಬೇಗ ಮುಗಿಸು ಎಂದು ಕಣ್ಣಲ್ಲೇ ಗದರುತ್ತಿರುವ ನನ್ನ ಅವ್ವ ಸರ್ವಮಂಗಳಮ್ಮನವರೇ,

ಜನರ ನಡುವೆ ಹೋಗಲು ಮಕ್ಕಳನ್ನು ತಯಾರು ಮಾಡುವುದು ಹೇಗೆ? ತರಗತಿಯಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ನನಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ಎಂ.ಸಿ.ಸಿ. 'ಬಿ' ಬ್ಲಾಕಿನ ನಮ್ಮ ಮನೆಗೇ ಕರೆದೆ. "ಅವ್ವ, ನೀನು ಶಾಮನೂರಿನಾಕಿ ಅಂದ್ಕೋ, ಇವರು ಮಾತಾಡಿಸ್ತಾರೆ" ಎಂದೆ. ನಿಜ ಹೇಳಲೇ? ಹರಿಹರದ ತವರಿನಿಂದ ಮಾತನ್ನೇ ಬಳುವಳಿಯಾಗಿ ತಂದವಳು ಅವ್ವ. ಅಪ್ಪಾಜಿ ತೀರಿಹೋದ ಮೇಲೆ 'ಹೂಂ', 'ಬ್ಯಾಡ' ಬಿಟ್ಟರೆ ಬೇರೆ ಮಾತಿರಲಿಲ್ಲ.

ವಿದ್ಯಾರ್ಥಿನಿ ಕೃತಿಕಾ ಒಳಗೆ ಬಂದವಳೇ, "ಅಜ್ಜಿ, ನಿಮ್ಮ ಸಮಸ್ಯೆಗಳೇನು?" ಎಂದಳು.

"ಬಂದ ಕೂಡ್ಲೆ ಸಮಸ್ಯೆ ಕೇಳ್ತೀಯಲ್ಲವ್ವ! ಕೂಡು, ನೀರು ಕುಡಿ. ಊಟ ಆತಾ ಅಂತ ನನ್ನೂ ಒಂದು ಮಾತು ಕೇಳು!"

ಎಲ್ಲರೂ ಫೇಲ್. ಅವ್ವ ಅಷ್ಟುದ್ದ ಮಾತಾಡಿದ್ದು ಕೇಳಿ ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಈರುಳ್ಳಿ ಹೆಚ್ಚಿದ್ದಕ್ಕೆ ಎಂದು ಹೆಂಡತಿಗೆ ಹೇಳಿದೆ. ನಾನು ಈರುಳ್ಳಿ ಹೆಚ್ಚಿದ್ದನ್ನು ಅವಳು ಎಂದೂ ಕಂಡಿಲ್ಲ.

ಮುಂದಿನ ಭಾನುವಾರ ಮಂಡಕ್ಕಿ, ಮಿರ್ಚಿ ಸಿದ್ಧವಾಗಿದ್ದವು. ಅವ್ವನಿಗೆ ವಾರಕ್ಕೊಂದು ವೇಷ. ಒಮ್ಮೆ ಕಿವುಡಿ, ಒಮ್ಮೆ ಕೃತಿಕಾಗೆ ಗಂಡು ಹುಡುಕುವವಳು. ಕಳೆದ ವಾರ ಜಗಳಗಂಟಿ. "ಮಾತಾಡ್ಸಿ ಹೋಗ್ತೀರಿ, ಆಮ್ಯಾಲೆ ಈ ಕಡೆ ತಲೇನೂ ಹಾಕಲ್ಲ. ನಡೀರಿ!" ಮಕ್ಕಳು ಕಂಗಾಲು. ನಿಂಗರಾಜ್ ಮಾತ್ರ ಅಂಗಳದಲ್ಲಿ ಜಾರಿ ಬಿದ್ದಿದ್ದ, ಅಪ್ಪಾಜಿ ನೆಟ್ಟ ಮಲ್ಲಿಗೆ ಬಳ್ಳಿಯನ್ನೆತ್ತಿ ಚಪ್ಪರಕ್ಕೆ ಕಟ್ಟತೊಡಗಿದ. ಅವ್ವ ವೇಷ ಮರೆತು ದಾರ ಹಿಡಿದು ನಿಂತಳು. ಅವತ್ತು ಎಲ್ಲರೂ ಪಾಸ್.

ಇವತ್ತು ಬೆಳಿಗ್ಗೆ ಅವ್ವ ಕೇಳಿದಳು: "ಶಾಮನೂರಿಗೆ ಹೋದ್ಮ್ಯಾಲೆ ಹುಡುಗ್ರು ನಮ್ಮನಿಗೆ ಬರಲ್ಲೇನೋ, ಕರಿಬಸವ?" ಕಳೆದ ವಾರದ ಜಗಳ ಬರೀ ವೇಷವಲ್ಲ ಎಂದು ಆಗ ನನಗೆ ಹೊಳೆಯಿತು. ಉತ್ತರ ಕೊಡಬೇಕಾದವನು ನಾನಲ್ಲ. ಅದಕ್ಕೇ ಎಲ್ಲರೆದುರು ಕೇಳುತ್ತೇನೆ: ಅಂಕಕ್ಕಲ್ಲ, ಹಾಜರಿಗಲ್ಲ, ಸುಮ್ಮನೆ ಈ ಭಾನುವಾರ ನಮ್ಮ ಮನೆಗೆ ಬರುವವರು ಯಾರು?

ಅಬ್ಬಾ! ಎರಡೆರಡು ಕೈ ಎತ್ತಿದ್ದೀರಲ್ಲ! ಗುತ್ತೆಪ್ಪನವರೂ ಎತ್ತಿದ್ದಾರೆ! ಅವ್ವ, ಕಣ್ಣು ಆಮೇಲೆ ಒರೆಸಿಕೋ, ಮೊದಲು ಹಿಂದೆ ತಿರುಗಿ ನೋಡು. ಮಂಡಕ್ಕಿ ಎಷ್ಟು ತರಲಿ ಹೇಳು.

ಎತ್ತಿದ ಪ್ರತಿಯೊಂದು ಕೈಗೂ ನನ್ನ ಧನ್ಯವಾದ, ನಮಸ್ಕಾರ.